ಹೆಪ್ಪಿಗೆ ಹೆಪ್ಪು ಕೊಟ್ಟವರು ಯಾರು?

ದೇವರು ಇದ್ದಾನೋ ಇಲ್ಲವೋ ತೀರ್ಮಾನವಾಗುವ ತನಕ ಟೈಲರಮ್ಮನ ಕನ್ನಡಕ ಕೊಡುವುದಿಲ್ಲ ಎಂದು ಕನ್ನಡಕದವರೇನೂ ಹಟ ಹಿಡಿದಿರಲಿಲ್ಲ. ಆದರೆ ನೋಡಿದವರಿಗೆ ಹಾಗೇ ಅನ್ನಿಸುತ್ತಿತ್ತು. ಎರಡು ವಾರದಿಂದ ಆ ಕನ್ನಡಕದ ಎಡಗಡೆಯ ಗಾಜು ಉಜ್ಜುವ ಯಂತ್ರದ ಪಕ್ಕದಲ್ಲಿ ಧೂಳು ತಿನ್ನುತ್ತಾ ಕುಳಿತಿತ್ತು. ಮಹಡಿಯ ಮನೆಯ ಟೈಲರಮ್ಮ ದಿನಕ್ಕೆರಡು ಸಲ ಮೆಟ್ಟಿಲಿಳಿದು ಬಂದು, “ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ ಸ್ವಾಮಿ. ನಿನ್ನೆ ಒಬ್ಬರ ಕೋಟಿಗೆ ಎರಡೂ ಎಡಗೈ ತೋಳೇ ಹೊಲಿದುಬಿಟ್ಟಿದೀನಿ” ಎಂದು ಗೋಳಾಡುತ್ತಿದ್ದರು. “ಇವತ್ತು ಸಂಜೆ ಗ್ಯಾರಂಟಿ” ಎನ್ನುತ್ತಿದ್ದರು ಕನ್ನಡಕದವರು. ಆ ಸಂಜೆ ಮಾತ್ರ ಬರುತ್ತಿರಲಿಲ್ಲ.

ಅವರು ಸೋಮಾರಿಯಲ್ಲ, ಪಾಪ. ಮನೆಯ ಮುಂದಿನ ಕೋಣೆಯಲ್ಲೇ ಮೂವತ್ತು ವರ್ಷದಿಂದ ಅಂಗಡಿ. ಗಾಜು ಅವರ ಇಲಾಖೆ, ಚೌಕಟ್ಟು ಹೆಂಡತಿಯ ಇಲಾಖೆ. ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಆಕೆ ಬಿಗಿಮಾಡುವುದನ್ನು ನೋಡಿದರೆ ನೋಡುವವರೇ ಉಸಿರು ಹಿಡಿಯುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದುಕೊಂಡು ಹೋಗುತ್ತಿತ್ತು, ಕನ್ನಡಕದವರಿಗೇ ಕನ್ನಡಕ ಬರುವ ತನಕ. ಇಷ್ಟು ವರ್ಷ ಚೆನ್ನಾಗಿ ಕಾಣುತ್ತಿದೆ ಎಂದು ನಂಬಿದ್ದೆಲ್ಲ ಮಸುಕು ಎಂದು ಹೋದ ವರ್ಷ ಒಂದು ಬೆಳಿಗ್ಗೆ ಗೊತ್ತಾಯಿತು. ಅಂದಿನಿಂದ ಅವರಿಗೆ ಯಾವುದರ ಮೇಲೂ ನಂಬಿಕೆ ಉಳಿಯಲಿಲ್ಲ. ಈ ಪ್ರಪಂಚ ಎಲ್ಲಿಂದ ಬಂತು? ಯಾರಾದರೂ ಮಾಡಿದರೋ, ತಾನಾಗಿಯೇ ಆಯಿತೋ? ಇಂಥ ಪ್ರಶ್ನೆಗಳು ಶುರುವಾದವು. ಅದೂ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವಾಗ. ಮೂಗಿನ ಮೇಲೆ ಭಾರದ ಚೌಕಟ್ಟು, ಒಂದು ಕಣ್ಣಿಗೆ ಮುಚ್ಚಳ. ಅಂಥ ಸ್ಥಿತಿಯಲ್ಲಿ ಮನುಷ್ಯ ಓಡಿಹೋಗಲಾರ.

“ಕೊನೇ ಸಾಲು ಓದಿ. ಹಾಂ, ಸರಿ. ಇದಕ್ಕೆಲ್ಲ ಮೊದಲು ಏನಿತ್ತು ಅಂತೀರಿ?”

“ಮೊದಲು ದಪ್ಪ ಅಕ್ಷರ ಇತ್ತು” ಎನ್ನುತ್ತಿದ್ದರು ಗಿರಾಕಿಗಳು.

ಕನ್ನಡಕದವರ ಮಾತಿಗೆ ಸರಿಸಮ ನಿಲ್ಲುತ್ತಿದ್ದವರು ಒಬ್ಬರೇ, ಎದುರು ಬೀದಿಯ ಲೆಕ್ಕದ ಮೇಷ್ಟ್ರು. ನಿವೃತ್ತರಾಗಿದ್ದರೂ ಸೀಮೆಸುಣ್ಣದ ತುಂಡೊಂದು ಇನ್ನೂ ಅವರ ಜೇಬಿನಲ್ಲಿರುತ್ತಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತರೆ ವಿಶ್ವದ ಉಗಮದಿಂದ ಶುರು.

“ಒಂದು ಅನ್ನೋದು ಇಲ್ಲದೆ ಎರಡು ಬರುತ್ತೇನ್ರೀ?” ಎಂದರು ಮೇಷ್ಟ್ರು, ಒಂದು ಭಾನುವಾರ.

“ಒಂದಕ್ಕೆ ಮೊದಲು ಸೊನ್ನೆ ಇಲ್ವೇ? ಸೊನ್ನೆಯಿಂದ ತಾನಾಗೇ ಬಂತು.”

“ಸೊನ್ನೆಗೆ ಸೊನ್ನೆ ಎಷ್ಟು ಸಲ ಕೂಡಿಸಿದರೂ ಸೊನ್ನೆ. ನಾನು ಮೂವತ್ತೈದು ವರ್ಷ ಕೂಡಿಸಿದೀನಿ.”

“ಯಾರೂ ಬೇಕಾಗಿಲ್ಲ ಮೇಷ್ಟ್ರೇ. ಶುರು ಮಾಡೋಕೂ ಬೇಕಾಗಿಲ್ಲ, ಮೇಲಿಂದ ನೋಡ್ಕೊಳ್ಳೋಕೂ ಬೇಕಾಗಿಲ್ಲ. ಎಲ್ಲಾ ತನ್ನಷ್ಟಕ್ಕೆ ನಡೆಯುತ್ತೆ.”

ಅದೇ ಹೊತ್ತಿಗೆ ಹೆಂಡತಿ ಚಹಾ ತಂದಿಟ್ಟರು. ಆಕೆಗೆ ವಾದದಲ್ಲಿ ಆಸಕ್ತಿಯಿರಲಿಲ್ಲ. ತಟ್ಟೆ ಇಡುತ್ತಾ, ಇಬ್ಬರಲ್ಲಿ ಯಾರಿಗೂ ಅಲ್ಲದಂತೆ, “ಹೆಪ್ಪು ಹಾಕದೆ ಹಾಲು ಮೊಸರಾಗುತ್ತಾ?” ಎಂದು ಒಳಗೆ ಹೋದರು.

ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. “ಕೇಳಿದಿರಾ! ನಾನು ಎಂಟು ತಿಂಗಳಿಂದ ಹೇಳ್ತಿರೋದನ್ನ ಅಮ್ಮಾವರು ಒಂದು ಮಾತಲ್ಲಿ ಮುಗಿಸಿಬಿಟ್ಟರು!”

ಕನ್ನಡಕದವರ ಮುಖ ಹುಳ್ಳಗಾಯಿತು. ಮೇಷ್ಟ್ರಿಗೆ ಸೋಲುವುದು ಬೇರೆ, ಚಹಾ ಕೊಡಲು ಬಂದ ಹೆಂಡತಿಗೆ ಸೋಲುವುದು ಬೇರೆ. “ಹಾಗಾದರೆ ಹೆಪ್ಪಿಗೆ ಹೆಪ್ಪು ಕೊಟ್ಟವರು ಯಾರು?” ಎಂದು ಕೂಗಿದರು. “ಅದು ಮುಂದಿನ ಪಾಠ” ಎಂದು ಮೇಷ್ಟ್ರು ಚಹಾ ಕುಡಿದು ಹೋದರು.

ಇಲ್ಲಿ ಆ ಮನೆಯ ಹೆಪ್ಪಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೆಂಡತಿ ಮದುವೆಯಾಗಿ ಈ ಊರಿಗೆ ಹೊರಟ ದಿನ ಆಕೆಯ ತಾಯಿ ಮುಚ್ಚಳವಿದ್ದ ಪುಟ್ಟ ಬಟ್ಟಲಲ್ಲಿ ಒಂದು ಚಮಚ ಮೊಸರು ಹಾಕಿ, ಬಟ್ಟೆ ಕಟ್ಟಿ, ಮಗಳ ಮಡಿಲಲ್ಲಿಟ್ಟಿದ್ದರು. ಅಂದಿನಿಂದ ಇಂದಿನವರೆಗೆ ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಆಕೆಯ ಸೀರೆಗಳು ಹರಿದವು, ಕಾಗದಗಳು ಎಲ್ಲೋ ಸೇರಿಹೋದವು. ಉಳಿದದ್ದು ಈ ಮೊಸರು. ಬೆಳಿಗ್ಗೆ ಎದ್ದು ಪಾತ್ರೆಯ ಮುಚ್ಚಳ ತೆಗೆದು ನೋಡುವುದು ಮಗಳ ಮೊದಲ ಕೆಲಸ. ಗಟ್ಟಿಯಾಗಿದ್ದರೆ, “ಅಮ್ಮ ಚೆನ್ನಾಗಿದ್ದಾಳೆ.” ಬಿಸಿಲಿಗೆ ಹುಳಿಯಾಗಿದ್ದರೆ, “ಅಮ್ಮನಿಗೆ ಇವತ್ತು ಸಿಟ್ಟು.” ಚಳಿಗೆ ಹೆಪ್ಪಾಗದಿದ್ದರೆ, “ಅಮ್ಮ ಇನ್ನೂ ಎದ್ದಿಲ್ಲ, ಸದ್ದು ಮಾಡಬೇಡಿ.” ಕನ್ನಡಕದವರು ಕೂಡ ಊಟಕ್ಕೆ ಕೂತಾಗ, “ಅತ್ತೆಯವರನ್ನು ಒಂದು ಸೌಟು ಬಡಿಸು” ಎನ್ನುವಷ್ಟು ಪಳಗಿದ್ದರು. (ಅತ್ತೆ ಬದುಕಿದ್ದಾಗ ಅವರೆದುರು ಅಳಿಯ ಇಷ್ಟು ಸಲಿಗೆಯಿಂದ ಮಾತಾಡಿದ್ದಿಲ್ಲ. ಇದ್ದದ್ದು ಮೂರು ಮಾತು: ಹೂಂ, ಉಹೂಂ, ಸಾಕು.)

ಮುಂದಿನ ಶುಕ್ರವಾರ ಹೆಂಡತಿ ತಂಗಿಯ ಊರಿಗೆ ಹೊರಟರು. ತಂಗಿ ಹೊಸ ಮನೆಗೆ ಹೋಗುವವಳಿದ್ದಳು, ಸಾಮಾನು ಜೋಡಿಸಲು ಜನ ಬೇಕಿತ್ತು. ಸೋಮವಾರ ಬೆಳಿಗ್ಗೆ ವಾಪಸ್. ಗಂಡನಿಗೆ ಒಂದು ಚೀಟಿ ಬರೆದಿಟ್ಟರು: ಒಲೆ ಆರಿಸಿದ್ದು ಎರಡು ಸಲ ನೋಡುವುದು, ಗಿಡಕ್ಕೆ ನೀರು, ಟೈಲರಮ್ಮನ ಕನ್ನಡಕ. ಕೊನೆಯಲ್ಲಿ ಮೂರು ಗೆರೆ ಎಳೆದು, ಅಮ್ಮ.

“ಸಂಜೆ ಹಾಲು ಉಗುರುಬೆಚ್ಚಗಿರುವಾಗ ಒಂದು ಚಮಚ. ಬೆಳಿಗ್ಗೆ ತಿನ್ನೋಕೆ ಮೊದಲು ಒಂದು ಚಮಚ ಬಟ್ಟಲಿಗೆ ಎತ್ತಿಡಬೇಕು. ಮರೀತೀರಾ?”

“ಏನೇ ನೀನು, ನಾನೇನು ಮಗುವಾ?”

“ಅಮ್ಮನ್ನ ನಿಮ್ಮ ಕೈಗೆ ಒಪ್ಪಿಸಿ ಹೋಗ್ತಿದೀನಿ” ಎಂದು ಹೆಂಡತಿ ಒಂದು ಗಳಿಗೆ ಅವರ ಮುಖವನ್ನೇ ನೋಡಿ ಬಸ್ಸಿಗೆ ಹೊರಟರು. ಕನ್ನಡಕದವರ ಎದೆ ಹೆಮ್ಮೆಯಿಂದ ಉಬ್ಬಿತು.

ಶುಕ್ರವಾರ ಸಂಜೆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡು, ಹಾಲಿಗೆ ಕಿರುಬೆರಳು ಅದ್ದಿ ಅದ್ದಿ ನೋಡಿ ಹೆಪ್ಪು ಹಾಕಿದರು. ಶನಿವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರು ಬೆಣ್ಣೆಯ ಹಾಗೆ ಕೂತಿದೆ. “ಅತ್ತೆಯವರು ಚೆನ್ನಾಗಿದ್ದಾರೆ” ಎಂದು ಯಾರೂ ಇಲ್ಲದ ಅಡುಗೆಮನೆಗೆ ಗಟ್ಟಿಯಾಗಿ ವರದಿ ಒಪ್ಪಿಸಿದರು. ಒಂದು ಚಮಚ ಬಟ್ಟಲಿಗೆ ಎತ್ತಿಟ್ಟು ಉಳಿದದ್ದನ್ನು ಮುಗಿಸಿ ಕೈ ತೊಳೆಯುವಾಗ ಆ ಮಹಾಜ್ಞಾನೋದಯವಾಯಿತು. ಮನೆಯಲ್ಲಿ ಯಾರೂ ಇಲ್ಲ. ನಾಳೆ ಮೂರಕ್ಕೆ ಮೇಷ್ಟ್ರು ಬರುತ್ತಾರೆ. ಹೆಪ್ಪಿಲ್ಲದೆ ಹಾಲು ತಾನಾಗಿಯೇ ಮೊಸರಾಗುತ್ತದೆ ಎಂದು ತೋರಿಸಿಬಿಟ್ಟರೆ? ಹಾಲು ತಾನಾಗಿ ಮೊಸರಾಗಬಹುದಾದರೆ ಶೂನ್ಯ ತಾನಾಗಿ ಪ್ರಪಂಚವಾಗಬಹುದು. ಆಗ ಮೇಷ್ಟ್ರ ಬಾಯಿಗೆ ಬೀಗ, ಚಹಾ ತರುವವರ ಬಾಯಿಗೂ ಬೀಗ.

ಗಾಜಿನ ಕೆಲಸದವರಿಗೆ ಶುಚಿಯೆಂದರೆ ಜೀವ. ಒಂದು ಕಣ ಧೂಳು ಉಳಿದರೂ ಗಾಜು ಹಾಳು. ಅದೇ ನಿಯಮವನ್ನು ಇಲ್ಲಿಗೂ ತಂದರು. ಹಳೆಯ ಮೊಸರಿನ ಒಂದು ಕಣ ಎಲ್ಲಾದರೂ ಅಡಗಿದ್ದರೆ ಮೇಷ್ಟ್ರು ಬಿಡುತ್ತಾರೆಯೇ? ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ತೋಳು ಮಡಚಿ, ಸೌಟು, ಚಮಚ, ಲೋಟ, ಮೊಸರಿನ ಪಾತ್ರೆ, ಅದರ ಮುಚ್ಚಳ, ಕೈಗೆ ಸಿಕ್ಕಿದ್ದನ್ನೆಲ್ಲ ಮುಳುಗಿಸಿದರು. ಗಾಜು ಒರೆಸುವ ಬಟ್ಟೆಯಿಂದ ಒಂದೊಂದನ್ನೂ ಒರೆಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಆರು ಲೋಟಗಳಿಗೆ ಕಾಯಿಸಿದ ಹಾಲು ಸುರಿದು, ಮುಚ್ಚಿ, ಕಿಟಕಿಯ ಹತ್ತಿರ ಸಾಲಾಗಿ ಇಟ್ಟರು. ಪರೀಕ್ಷೆ ನಡೆಯುವಾಗ ಮನೆಯಲ್ಲಿ ಹೆಪ್ಪು ಹಾಕುವುದೇ ಬೇಡ, ಬಟ್ಟಲಲ್ಲಿರುವುದು ಭಾನುವಾರ ಸಂಜೆಗೆ ಸಾಕು ಎಂದುಕೊಂಡು, ಆ ಸಂಜೆ ಹಾಲಿನ ಸುದ್ದಿಗೇ ಹೋಗಲಿಲ್ಲ.

ಭಾನುವಾರ ಮೂರಕ್ಕೆ ಮೇಷ್ಟ್ರು ಬಂದರು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು.

“ಏನ್ರೀ ಇದು? ಇಲಿ ಸತ್ತಿದೆಯಾ?”

“ಒಳಗೆ ಬನ್ನಿ ಮೇಷ್ಟ್ರೇ. ಹೆಪ್ಪಿಲ್ಲದ ಆರು ಪ್ರಪಂಚ ತೋರಿಸ್ತೀನಿ” ಎಂದು ಕನ್ನಡಕದವರು ಮೊದಲ ಲೋಟದ ಮುಚ್ಚಳ ತೆಗೆದರು. ಮೇಲೆ ಹಳದಿ ನೀರು, ಕೆಳಗೆ ಬೂದುಬಣ್ಣದ ಮುದ್ದೆ. ಎರಡನೆಯದರಲ್ಲಿ ಗುಳ್ಳೆ. ಮೂರನೆಯದನ್ನು ತೆಗೆಯಬೇಡಿ ಎಂದು ಮೇಷ್ಟ್ರು ಕೈ ಮುಗಿದರು.

“ತಾನಾಗೇ ಏನೋ ಒಂದು ಆಗಿದೆ ತಾನೇ?” ಎಂದರು ಕನ್ನಡಕದವರು, ಕರವಸ್ತ್ರದೊಳಗಿನಿಂದ.

“ಆಗಿದೆ, ಇಲ್ಲ ಅನ್ನೋಲ್ಲ. ಆದರೆ ಇದರಲ್ಲಿ ವಾಸ ಮಾಡೋಕೆ ಆಗೋಲ್ಲ!” ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗಲಿ ಬಿಡಿ. ನಿಮ್ಮನೆಯವರು ಬರೋಕೆ ಮೊದಲು ಇದನ್ನ ಚೆಲ್ಲಿ, ಒಳ್ಳೆ ಮೊಸರಿಗೆ ಹೆಪ್ಪು ಹಾಕಿ.”

ಕನ್ನಡಕದವರು ಬಟ್ಟಲಿಗಾಗಿ ಕಪಾಟಿನತ್ತ ತಿರುಗಿದರು. ಬಟ್ಟಲು ಅಲ್ಲೇ ಇತ್ತು. ಮುಚ್ಚಳ ಪಕ್ಕದಲ್ಲಿತ್ತು. ಎರಡೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಅವರಿಗೆ ಈಗ ನೆನಪಿಗೆ ಬಂತು. ಅದನ್ನು ತೊಳೆಯುವಾಗ ಮೂಲೆಯಲ್ಲಿ ಬಿಳಿಯದೇನೋ ಅಂಟಿಕೊಂಡಿದೆ ಎಂದು ಎರಡು ಸಲ ಕುದಿಯುವ ನೀರಿಗೆ ಹಾಕಿದ್ದರು. ಆಮೇಲೆ ಬೆಳಕಿಗೆ ಹಿಡಿದು, ಭೇಷ್ ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

“ಮೇಷ್ಟ್ರೇ, ನಮ್ಮತ್ತೆ...” ಎಂದರು. ಅತ್ತೆ ಆರು ವರ್ಷದ ಹಿಂದೆಯೇ ತೀರಿಕೊಂಡದ್ದು ಗೊತ್ತಿದ್ದರೂ ಮೇಷ್ಟ್ರು ಸಂತಾಪ ಸೂಚಿಸಿ ಮೆಲ್ಲಗೆ ಜಾಗ ಖಾಲಿ ಮಾಡಿದರು.

ಮೊದಲು ಕನ್ನಡಕದವರ ಕಾಲು ಹೋದದ್ದು ಮೂಲೆಯ ಅಂಗಡಿಗೆ. ಅಲ್ಲಿ ಮೊಸರಿನ ಪೊಟ್ಟಣಗಳು ಸಾಲಾಗಿದ್ದವು. ಒಂದನ್ನು ಕೈಗೆತ್ತಿಕೊಂಡರು. ಬಟ್ಟಲಿಗೆ ಇದರದ್ದೇ ಒಂದು ಚಮಚ ಹಾಕಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಹುಶಃ ಯಾರಿಗೂ ಇಲ್ಲ. ನಾಳೆ ಬೆಳಿಗ್ಗೆ ಹೆಂಡತಿ ಮುಚ್ಚಳ ತೆಗೆದು, “ಅಮ್ಮ ಚೆನ್ನಾಗಿದ್ದಾಳೆ” ಎನ್ನುತ್ತಾಳೆ. ನಾಳಿದ್ದೂ ಅನ್ನುತ್ತಾಳೆ. ಇರುವಷ್ಟು ದಿನವೂ ಯಾವುದೋ ಕಾರ್ಖಾನೆಯ ಮೊಸರನ್ನು ಆಕೆ ಅಮ್ಮ ಎಂದು ಕರೆಯುವುದನ್ನು ಊಟದ ಮೇಜಿನ ಈಚೆಗೆ ಕೂತು ಕೇಳುತ್ತಿರಬೇಕು. ಕನ್ನಡಕದವರು ಪೊಟ್ಟಣವನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದರು.

ಹೆಂಡತಿ ಅಕ್ಕಪಕ್ಕದವರಿಗೆ ಆಗಾಗ ಹೆಪ್ಪು ಕೊಡುತ್ತಿದ್ದದ್ದು ಆಗ ನೆನಪಾಯಿತು. ಎಲ್ಲೋ ಒಂದು ಮನೆಯಲ್ಲಿ ಅತ್ತೆ ಇನ್ನೂ ಉಳಿದಿರಬಹುದು! ಒಂದೇ ಉಸಿರಿಗೆ ಮಹಡಿ ಹತ್ತಿದರು. ಟೈಲರಮ್ಮ ಬಾಗಿಲು ತೆಗೆದು, ಕಣ್ಣು ಕಿರಿದು ಮಾಡಿ, “ಯಾರು?” ಎಂದರು.

“ನಾನೇ, ಕೆಳಗಿನ ಮನೆಯವನು. ಸ್ವಲ್ಪ ಹೆಪ್ಪು ಬೇಕಿತ್ತು. ನಮ್ಮನೆಯವಳು ಕೊಟ್ಟಿದ್ದರೆ ಅದೇ ಆಗಬೇಕು.”

“ಓ, ನೀವಾ! ಕಣ್ಣು ಸರಿಯಾಗಿ ಕಾಣಿಸೋಲ್ಲ ನೋಡಿ, ಗುರುತಾಗಲಿಲ್ಲ. ಹೆಪ್ಪಾ? ನಮ್ಮಲ್ಲಿ ಇದ್ದಹಾಗಿಲ್ಲ. ಇದ್ದರೂ ಕಾಣಿಸಬೇಕಲ್ಲ ಸ್ವಾಮಿ. ನರ್ಸಮ್ಮನ್ನ ಕೇಳಿ.”

ಬೀದಿಯ ತುದಿಯಲ್ಲಿದ್ದ ನರ್ಸಮ್ಮ ಆಗಷ್ಟೇ ಕೆಲಸ ಮುಗಿಸಿ ಬಂದು ಕಾಲು ಚಾಚಿದ್ದರು. ಕನ್ನಡಕದವರ ಬೆವರು ನೋಡಿ ಮೊದಲು ನಾಡಿ ಹಿಡಿದರು. ಆಮೇಲೆ ವಿಷಯ ಕೇಳಿ, ತುಟಿ ಬಿಗಿಹಿಡಿದು, “ಪೋಸ್ಟಮ್ಮನ ಮನೇಲಿರುತ್ತೆ. ಓಡಬೇಡಿ, ನಿಧಾನಕ್ಕೆ ಹೋಗಿ” ಎಂದರು. ಅವರ ಹಿಂದೆ ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ನಗೆಯ ಸದ್ದು ಬಂದಂತಾಯಿತು. ರೇಡಿಯೋ ಇರಬೇಕು ಎಂದುಕೊಂಡರು.

ಪೋಸ್ಟಮ್ಮ ಎಂದರೆ ಆ ಬಡಾವಣೆಗೆ ಕಾಗದ ಹಂಚುವಾಕೆ. ಕನ್ನಡಕದವರು ಗೇಟು ತೆಗೆಯುವುದರೊಳಗೆ ಆಕೆ ಹೊರಗೆ ಬಂದು, ಬಟ್ಟೆ ಕಟ್ಟಿದ ಬಟ್ಟಲೊಂದನ್ನು ಕೈಗಿಟ್ಟರು. ಇವರು ಇನ್ನೂ ಬಾಯಿ ತೆರೆದಿರಲಿಲ್ಲ.

“ನಾನು ಬಂದದ್ದು...”

“ಗೊತ್ತು. ನಿಮ್ಮನೆಯವರೇ ಕೊಟ್ಟಿದ್ದು. ಅಲುಗಾಡಿಸದೆ ತಗೊಂಡು ಹೋಗಿ.”

ದಾರಿಯುದ್ದಕ್ಕೂ ಕನ್ನಡಕದವರು ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು ನಡೆದರು. ಎಂಥ ಆಕಸ್ಮಿಕ! ನಾನು ಹೋಗುವುದಕ್ಕೂ ಅವರು ಬಟ್ಟಲು ಹಿಡಿದು ಬರುವುದಕ್ಕೂ ಸರಿಹೋಯಿತಲ್ಲ! ಇದನ್ನೇ ಮೇಷ್ಟ್ರಿಗೆ ಹೇಳಬೇಕು. ಯಾರೂ ನೋಡಿಕೊಳ್ಳದಿದ್ದರೂ ಪ್ರಪಂಚದಲ್ಲಿ ಎಲ್ಲ ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ. (ಮೂಗಿನ ಮೇಲೆ ಕನ್ನಡಕವಿತ್ತು, ಅದೂ ಅವರೇ ಉಜ್ಜಿದ್ದು.)

ಸಂಜೆ ಹಾಲು ಕಾಯಿಸಿ ಹೆಪ್ಪು ಹಾಕಿದರು. ಆರು ಲೋಟಗಳನ್ನು ಮಾತ್ರ ಮುಟ್ಟುವ ಧೈರ್ಯವಾಗದೆ ಹಿತ್ತಿಲಿನ ಮೂಲೆಗೆ ಸಾಗಿಸಿ ಮೇಲೆ ಬಕೆಟ್ ಬೋರಲು ಹಾಕಿದರು. ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟರು.

ಸೋಮವಾರ ಬೆಳಿಗ್ಗೆ ಹೆಂಡತಿ ಬಂದರು. ಚೀಲ ಕೆಳಗಿಟ್ಟು ನೇರ ಅಡುಗೆಮನೆಗೆ ಹೋದರು. ಕನ್ನಡಕದವರು ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತರು. ಹೆಂಡತಿ ಮುಚ್ಚಳ ತೆಗೆದು, ಪಾತ್ರೆಯನ್ನು ಸ್ವಲ್ಪ ವಾಲಿಸಿ, ಬೆರಳ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡರು.

“ಅಮ್ಮ ಚೆನ್ನಾಗಿದ್ದಾಳೆ.”

ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು.

“ಪೋಸ್ಟಮ್ಮ ಚೆನ್ನಾಗಿ ನೋಡ್ಕೊಂಡಿದಾರೆ” ಎಂದರು ಹೆಂಡತಿ.

ಬಂದ ಜೀವ ಮತ್ತೆ ಹೋಯಿತು. ಕನ್ನಡಕದವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. “ನಿಮ್ಮಮ್ಮನ್ನ ನಾನು ಕುದಿಯೋ ನೀರಲ್ಲಿ ತೊಳೆದುಬಿಟ್ಟೆ ಕಣೇ” ಎಂದರು. ಹೇಳುತ್ತಿದ್ದ ಹಾಗೆ ಕಣ್ಣು ತುಂಬಿ ಬಂತು. “ಎರಡು ಸಲ.”

ಹೆಂಡತಿ ಬೈಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ನಕ್ಕು ಅವರ ಕಣ್ಣಲ್ಲೂ ನೀರು ಬಂತು. “ಅಮ್ಮ ಇದ್ದಿದ್ರೆ ಎಷ್ಟು ನಗ್ತಿದ್ಲು! ನಾನು ಮದುವೆಯಾಗಿ ಬಂದ ತಿಂಗಳೇ ಕೆಡಿಸಿದ್ದೆ, ಗೊತ್ತಾ? ಬಿಸಿ ಹಾಲಿಗೆ ಹಾಕಿಬಿಟ್ಟಿದ್ದೆ. ದಿನವೆಲ್ಲ ಅಳ್ತಾ ಕೂತಿದ್ದೆ. ನೀವು ಕಣ್ಣುನೋವು ಅಂದುಕೊಂಡು ಔಷಧಿ ಬಿಟ್ಟಿರಿ. ಆಮೇಲೆ ಅಮ್ಮನೇ ಮತ್ತೆ ತಂದುಕೊಟ್ಲು.”

“ನಿಮ್ಮಮ್ಮಂಗೆ ಮೊದಲು ಎಲ್ಲಿಂದ ಬಂತು?”

“ಪಕ್ಕದ ಮನೆಯವರಿಂದ.”

“ಅವರಿಗೆ?”

“ಅಮ್ಮನಿಂದ. ಇವರದ್ದು ಕೆಟ್ಟರೆ ಅವರು ಕೊಡ್ತಿದ್ರು, ಅವರದ್ದು ಕೆಟ್ಟರೆ ಇವರು.”

“ಹಾಗಲ್ಲ ಕಣೇ. ಎಲ್ಲಕ್ಕಿಂತ ಮೊದಲು ಕೊಟ್ಟವರು ಯಾರು?”

“ನಾನೂ ಕೇಳಿದ್ದೆ. ಅದೆಲ್ಲ ನೆನಪಿಲ್ಲ, ಬಟ್ಟಲು ವಾಪಸ್ ಕೊಡೋದು ಮಾತ್ರ ಮರೀಬೇಡ ಅಂದ್ಲು.”

ಕನ್ನಡಕದವರಿಗೆ ಏನೋ ಲೆಕ್ಕ ತಾಳೆಯಾಗುತ್ತಿರಲಿಲ್ಲ. “ನಾನು ಪೋಸ್ಟಮ್ಮನ ಮನೆಗೆ ಹೋಗಿದ್ದು ನಿನಗೆ ಹೇಗೆ ಗೊತ್ತು?”

“ಈಗ ಬರ್ತಾ ಪೋಸ್ಟಮ್ಮನೇ ದಾರೀಲಿ ಸಿಕ್ಕಿ ಹೇಳಿದ್ರು. ಶುಕ್ರವಾರ ಬಸ್ಸಿಗೆ ಹೋಗ್ತಾ ನಾನೇ ಒಂದು ಬಟ್ಟಲು ಅಲ್ಲಿ ಕೊಟ್ಟು ಹೋಗಿದ್ದೆ. ನರ್ಸಮ್ಮನಿಗೂ ಒಂದು, ಟೈಲರಮ್ಮನಿಗೂ ಒಂದು. ಭಾನುವಾರದೊಳಗೆ ಇವರು ಬರ್ತಾರೆ, ಕೊಟ್ಟುಬಿಡಿ ಅಂದಿದ್ದೆ.”

“ಟೈಲರಮ್ಮನ ಹತ್ತಿರ ಇತ್ತಾ? ಇಲ್ಲ ಅಂದರಲ್ಲ!”

“ಅವರ ಕನ್ನಡಕ ಕೊಟ್ಟಿದ್ದರೆ ಕಾಣಿಸ್ತಿತ್ತೋ ಏನೋ.”

ಕನ್ನಡಕದವರು ಕಕ್ಕಾಬಿಕ್ಕಿಯಾದರು. ಬೀದಿಯಲ್ಲಿ ಮೂರು ಮನೆ ಸುತ್ತಿದ್ದು, ನರ್ಸಮ್ಮನ ರೇಡಿಯೋ, ಕೇಳುವ ಮೊದಲೇ ಕೈಗೆ ಬಂದ ಬಟ್ಟಲು, ಎಲ್ಲ ಒಂದೊಂದಾಗಿ ಜಾಗಕ್ಕೆ ಕೂತವು. ತಾವು ಲೋಟ ಕುದಿಸುವ ಯೋಚನೆ ಮಾಡುವುದಕ್ಕೆ ಒಂದು ದಿನ ಮೊದಲೇ ಇವಳು ಎಲ್ಲ ಏರ್ಪಾಡು ಮಾಡಿ ಮುಗಿಸಿದ್ದಳು.

“ನಾನು ಕೆಡಿಸ್ತೀನಿ ಅಂತ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಹೇಗೆ ಅಂತ ಗೊತ್ತಿರಲಿಲ್ಲ. ಕುದಿಸ್ತೀರಿ ಅಂತ ನಾನೂ ಅಂದುಕೊಂಡಿರಲಿಲ್ಲ.”

“ಗೊತ್ತಿದ್ದೂ ಯಾಕೆ ನನ್ನ ಕೈಗೆ ಒಪ್ಪಿಸಿ ಹೋದೆ?”

ಹೆಂಡತಿ ಪಾತ್ರೆಯ ಮುಚ್ಚಳ ಮುಚ್ಚಿದರು. “ಒಪ್ಪಿಸದೆ ಹೋಗಿದ್ರೆ ನಿಮಗೆ ಬೇಜಾರಾಗ್ತಿರಲಿಲ್ವಾ?” ಎಂದರು.

ಕನ್ನಡಕದವರು ಎದ್ದು ಹೋಗಿ ಹಿತ್ತಿಲಿನ ಆರು ಲೋಟಗಳನ್ನು ತಾವೇ ತೊಳೆದರು. ಆಮೇಲೆ ಅಂಗಡಿಯಲ್ಲಿ ಕೂತು ಎಡಗಡೆಯ ಗಾಜನ್ನು ಉಜ್ಜಿದರು. ಹೆಂಡತಿ ಅದನ್ನು ಚೌಕಟ್ಟಿಗೆ ಕೂರಿಸಿ ತಿರುಪು ಬಿಗಿಮಾಡಿದರು. ಊಟದ ಹೊತ್ತಿಗೆ ಮೊದಲೇ ಕನ್ನಡಕ ಮಹಡಿ ಹತ್ತಿತು. ಟೈಲರಮ್ಮ ಅದನ್ನು ಏರಿಸಿಕೊಂಡು ಕಪಾಟಿನತ್ತ ನೋಡಿ, “ಅರೆ, ಹೆಪ್ಪು ಇಲ್ಲೇ ಇದೆಯಲ್ಲ ಸ್ವಾಮಿ!” ಎಂದು ಬೆರಗುಪಟ್ಟರಂತೆ.

ಮುಂದಿನ ಭಾನುವಾರ ಮೂರಕ್ಕೆ ಮೇಷ್ಟ್ರು ಬಾಗಿಲಲ್ಲಿ ನಿಂತು ಗಾಳಿಯ ವಾಸನೆ ನೋಡಿ, ಧೈರ್ಯ ಬಂದು, ಕುರ್ಚಿಯಲ್ಲಿ ಕೂತರು.

“ಏನಂತೀರಿ? ಯಾರೂ ಬೇಕಾಗಿಲ್ಲ, ಎಲ್ಲಾ ತನ್ನಷ್ಟಕ್ಕೆ ನಡೆಯುತ್ತೆ ಅನ್ನೋ ಮಾತು ಈಗಲೂ ಹೇಳ್ತೀರಾ?”

ಕನ್ನಡಕದವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ ಮಾತಾಡಿ ಮೇಷ್ಟ್ರೇ. ಒಳಗೆ ಕೇಳಿಸುತ್ತೆ.”

“ಕೇಳಿಸ್ತು” ಎಂದಿತು ಅಡುಗೆಮನೆ.